ಜೋಡಿ ಅಭ್ಯಾಸ

ಹಿಮ್ಮಡಿ ಹೊರಗೆ ಬಂತು, ಎಡಗಾಲಿನದು, ಬಂದೇ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು, ಮೊದಲು ಅವಳು ಚೀಲದಿಂದ ಪುಸ್ತಕ ತೆಗೆಯುವವಳಂತೆ ಬಗ್ಗಿ ಬಕಲ್ ಸಡಿಲಿಸಿದಳು, ಆಮೇಲೆ ಪಾದ ತನ್ನಷ್ಟಕ್ಕೆ ತಾನೇ ಹಿಂದೆ ಸರಿಯಿತು, ಈಗ ಬೆರಳುಗಳ ತುದಿ ಮಾತ್ರ ಚಪ್ಪಲಿಯೊಳಗೆ, ಹಿಮ್ಮಡಿ ಮೇಲೆ, ದುಂಡಗೆ, ಪಟ್ಟಿ ಒತ್ತಿದ ಕೆಂಪು ಗೆರೆಯ ಸಮೇತ ಗಾಳಿಯಲ್ಲಿ ಮೆಲ್ಲಗೆ ಆಡುತ್ತಿದೆ, ಹಗಲು ಪುಟ್ಟ ಮಕ್ಕಳು ಕೂರುವ ಕೋಣೆ ಇದು, ಸಂಜೆ ದೊಡ್ಡವರ ಇಂಗ್ಲಿಷ್ ಕ್ಲಾಸು, ಬೆಂಚುಗಳು ಎಷ್ಟು ಗಿಡ್ಡವೆಂದರೆ ದೊಡ್ಡವರು ಕೂತರೆ ಮಂಡಿ ಎದೆಗೆ ಬರುತ್ತದೆ, ಮೇಜಿನ ಕೆಳಗೆ ಮುಚ್ಚುಮರೆ ಎಂಬುದೇ ಇಲ್ಲ, ಯಾರ ಕಾಲು ಏನು ಮಾಡುತ್ತಿದೆ ಎಂದು ಹಿಂದಿನ ಬೆಂಚಿನವನಿಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ, ಮೇಲೆ ಸೂರಿನಿಂದ ದಾರ ಕಟ್ಟಿ ಇಳಿಬಿಟ್ಟ ಕಾಗದದ ಮೀನುಗಳು, ಕೆಳಗೆ ತನ್ನ ಹೆಂಡತಿಯ ಹಿಮ್ಮಡಿ, ಎರಡೂ ಒಂದೇ ಫ್ಯಾನಿನ ಗಾಳಿಗೆ ಆಡುವಂತೆ — ಬೇಡ, ಪುಸ್ತಕ ನೋಡು, ಹೋದ ವಾರ ಶುರುವಾದ ಪಾಠ, ಭೂತಕಾಲ, ನಿನ್ನೆ ಏನು ಮಾಡಿದಿರಿ, ಎಲ್ಲಿಗೆ ಹೋದಿರಿ, ಇವತ್ತು ಅದರ ಬಾಲಕ್ಕೆ ಯಾಕೆ ಎಂಬ ಪ್ರಶ್ನೆ, ಮೇಡಂ ಬೋರ್ಡಿನ ಮೇಲೆ ಬರೆಯುತ್ತಿದ್ದಾರೆ, ಬೆನ್ನು ಈ ಕಡೆ, ಬರೆದು ಮುಗಿಸಿ ತಿರುಗಿದ ಮೇಲೆ ಹೇಳುತ್ತಾರೆ, ಹೇಳೇ ಹೇಳುತ್ತಾರೆ, ಮಧ್ಯಾಹ್ನ ಫೋನಿನಲ್ಲಿ ಆಯ್ತಪ್ಪ ನೋಡೋಣ ಎಂದಿದ್ದಾರೆ, ಅಲ್ಲಿಯವರೆಗೆ ಆ ಹಿಮ್ಮಡಿ ಲಿಫ್ಟಿನವನ ಪಕ್ಕದಲ್ಲಿ ಹಾಗೇ ಆಡಿಕೊಂಡಿರಲಿ, ಇನ್ನೆಷ್ಟು ಹೊತ್ತು.

ಹೌ ಆರ್ ಯು, ಎಂದು ಪಕ್ಕದಲ್ಲಿದ್ದ ತಾತನನ್ನು ಕೇಳಿದ, ಕೇಳಬೇಕಲ್ಲ, ಐ ಆಮ್ ಫೈನ್ ಎಂದ ತಾತ, ಗೇಟು ಕಾಯುವ ಕೆಲಸದಿಂದ ನಿವೃತ್ತನಾದ ಮುದುಕ, ಏನು ಕೇಳಿದರೂ ಅದೊಂದೇ ಉತ್ತರ, ನಿನ್ನೆ ಎಲ್ಲಿಗೆ ಹೋದಿರಿ ಎಂದರೂ ಐ ಆಮ್ ಫೈನ್, ಮೊದಲ ದಿನ ಮೇಡಂ ಎಲ್ಲರನ್ನೂ ಇಂಗ್ಲಿಷ್ ಯಾಕೆ ಕಲೀತೀರಿ ಎಂದು ಕೇಳಿದಾಗ ತಾತ ಎದ್ದು ನಿಂತು, ಜೀವಮಾನವೆಲ್ಲ ಗೇಟು ಕಾದೆ ತಾಯಿ, ಕಾರಿನ ಗಾಜು ಇಳಿಸಿ ಏನೇನೋ ಕೇಳೋರು, ಎಲ್ಲದಕ್ಕೂ ಎಸ್ ಸರ್ ಅಂತಿದ್ದೆ, ಏನೇನಕ್ಕೆ ಒಪ್ಕೊಂಡಿದೀನೋ ಏನೋ, ಸಾಯೋಕೆ ಮುಂಚೆ ತಿಳ್ಕೊಳ್ಳೋಣ ಅಂತ, ಎಂದಿದ್ದ, ಕೋಣೆಯೆಲ್ಲ ನಕ್ಕಿತು, ಅವಳೂ ನಕ್ಕಳು, ಆಗ ಇನ್ನೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದಳು, ನಿನಗ್ಯಾಕಮ್ಮ ಎಂದು ಅವಳ ಸರದಿ ಬಂದಾಗ ಅವಳು ತಿರುಗಿ ಗಂಡನ ಮುಖ ನೋಡಿ, ಇವರು ಬಾ ಅಂದ್ರು, ಅದಕ್ಕೆ, ಎಂದು ತಲೆ ತಗ್ಗಿಸಿದ್ದಳು, ಹೌದು, ಬಾ ಅಂದವನು ಅವನೇ, ದಬ್ಬಿಕೊಂಡು ಬಂದವನು ಅವನೇ, ಕಟ್ಟಿಸುವ ಹಲ್ಲು ಮಾಡುವ, ಅವನು ಕೆಲಸಕ್ಕಿರುವ ಕಾರ್ಖಾನೆ ದೊಡ್ಡದೊಂದು ಕಾರ್ಖಾನೆಯೊಳಗೆ ಸೇರಿಹೋಗಲಿದೆ, ಅಲ್ಲಿ ಆರ್ಡರು ಬರುವುದು, ಹಲ್ಲಿನ ಬಣ್ಣ ಬರೆದ ಚೀಟಿ ಬರುವುದು, ಬೈಗುಳ ಬರುವುದು ಎಲ್ಲ ಇಂಗ್ಲಿಷಿನಲ್ಲಿ, ನನಗ್ಯಾಕ್ರೀ ಇಂಗ್ಲಿಷು, ಹೊಲಿಗೆ ಮಿಷನ್ನಿಗೆ ಯಾವ ಭಾಷೇನೂ ಬೇಡ ಎಂದು ಅವಳು ಎಷ್ಟು ಹೇಳಿದರೂ, ನೀನು ಸುಮ್ನೆ ಬಂದು ಕೂತ್ಕೋ, ಮನೇಲಿ ನಂಗೊಬ್ರು ಮಾತಾಡೋಕೆ ಬೇಕು, ಇಲ್ದಿದ್ರೆ ಗೋಡೆ ಜೊತೆ ಮಾತಾಡ್ಲಾ, ಎಂದಿದ್ದ, ಗೋಡೆಯ ಬದಲಿಗೆ ಅವಳನ್ನು ಕರೆದುಕೊಂಡು ಬಂದ, ಬೇಲಿ ಮೇಲಿನ ಓತಿಕ್ಯಾತವನ್ನು ಹೆಗಲ ಮೇಲೆ ಬಿಟ್ಟುಕೊಂಡ ಹಾಗೆ — ಬಂದ ಮೊದಲ ದಿನವೇ ಮೇಡಮ್ಮಿನ ಕಟ್ಟಳೆ, ಗಂಡ ಹೆಂಡತಿ, ಅಕ್ಕ ತಂಗಿ, ಜೀವದ ಗೆಳತಿಯರು, ಯಾರೂ ಜೊತೆಗೆ ಕೂರೋ ಹಾಗಿಲ್ಲ, ಗೊತ್ತಿರೋರಿಗೆ ಗೊತ್ತಿರೋದನ್ನೇ ಹೇಳೋಕೆ ಭಾಷೆ ಯಾಕ್ರೀ ಬೇಕು, ಗೊತ್ತಿಲ್ಲದವರ ಪಕ್ಕ ಕೂತ್ಕೊಳ್ಳಿ, ಕೇಳಿ, ಅವರು ಹೇಳಿದ್ದನ್ನ ಎದ್ದು ನಿಂತು ನಮಗೆ ಹೇಳಿ, ತಪ್ಪಾದ್ರೆ ಆಗ್ಲಿ, ಆದ್ರೆ ಪುಸ್ತಕದ ವಾಕ್ಯ ಹೇಳಿದ್ರೆ ಮಾತ್ರ ನಾನು ಸುಮ್ನಿರೋಳಲ್ಲ, ಎಂದು ಕೈ ಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸಿ ಜೋಡಿ ಮಾಡಿದರು, ಅವನಿಗೆ ತಾತ, ಅವಳಿಗೆ ಲಿಫ್ಟಿನವನು.

ಲಿಫ್ಟಿನವನು ಎಂದರೆ ಲಿಫ್ಟು ರಿಪೇರಿ ಮಾಡುವವನು, ದೊಡ್ಡ ದೊಡ್ಡ ಕಟ್ಟಡಗಳ ಹೊಟ್ಟೆಯೊಳಗೆ ಹಗ್ಗ ಹಿಡಿದು ನೇತಾಡುವ ಕೆಲಸ, ಅಂಥವನ ಬಾಯಿಗೆ ಮಾತ್ರ ಬ್ರೇಕಿಲ್ಲ, ಮೇಲಿನ ಸಾಲಿನ ಬಲಗಡೆಯ ಕೋರೆಹಲ್ಲು ಸಾಲು ಬಿಟ್ಟು ಮುಂದೆ ಬಂದಿದೆ, ಕೆಳಗಿನ ಮುಂಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿವೆ, ಒಸಡು ಎಳೆದುಕೊಂಡಿದೆ, ಇನ್ನು ಕೆಲವೇ ವರ್ಷಕ್ಕೆ ನನ್ನ ಮೇಜಿಗೇ ಬರುವ ಬಾಯಿ, ಎಂದು ಮೊದಲ ದಿನವೇ ಲೆಕ್ಕ ಹಾಕಿ ಅವನು ಸಮಾಧಾನ ಮಾಡಿಕೊಂಡಿದ್ದ, ಅಂಥ ಬಾಯಲ್ಲಿ ಅಂಥದೇ ಇಂಗ್ಲಿಷು, ಒಂದು ವಾಕ್ಯವೂ ನೆಟ್ಟಗೆ ನಿಲ್ಲುವುದಿಲ್ಲ, ಎಲ್ಲ ಕುಂಟುತ್ತವೆ, ಹಾಗಿದ್ದೂ ಅವಳು — ತಪ್ಪಿಗೆ ತಪ್ಪು ಸೇರಿಸಿ ಇಬ್ಬರೂ ನಗುತ್ತಾರೆ, ಇತ್ತ ಅವಳ ಗಂಡ ತಾತನಿಗೆ ಒಂದೊಂದು ವಾಕ್ಯವನ್ನೂ ಮನಸ್ಸಿನಲ್ಲೇ ಉಜ್ಜಿ ಹೊಳಪು ಕೊಟ್ಟು ಹೇಳುತ್ತಾನೆ, ನಾನು ಬೆಳಿಗ್ಗೆ ಆರಕ್ಕೆ ಏಳುತ್ತೇನೆ, ನಾನು ಕೆಲಸಕ್ಕೆ ಹೋಗುತ್ತೇನೆ, ಒಂದಕ್ಷರ ಆಚೀಚೆ ಇಲ್ಲ, ಆಮೇಲೆ ತಾತ ಎದ್ದು ನಿಂತು ಅವನ ಬಗ್ಗೆ ಹೇಳಿದ್ದೇನು, ಹಿ ಮೇಕ್ಸ್ ಟೀತ್, ಹಿ ಈಸ್ ಫೈನ್, ಅಷ್ಟೇ, ಕೂತುಬಿಟ್ಟ, ಒಬ್ಬ ಮನುಷ್ಯನ ಬಗ್ಗೆ ಅಷ್ಟೇ, ಅಲ್ಲಿಂದ ಅವನಿಗೆ ಹಲ್ಲು ಮೇಸ್ತ್ರಿ ಎಂದು ಹೆಸರಿಟ್ಟವನು ಲಿಫ್ಟಿನವನು, ಒಂದು ದಿನ ಮೆಟ್ಟಿಲಿಳಿಯುವಾಗ ಹೆಗಲ ಮೇಲೆ ಕೈ ಹಾಕಿ, ಹಲ್ಲಿದ್ದೋನಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದೋನಿಗೆ ಹಲ್ಲಿಲ್ಲ, ನಿಮಗೆ ಎರಡೂ ಇದೆ ಬಿಡಿ ಮೇಸ್ತ್ರಿ, ಪುಣ್ಯವಂತರು, ಎಂದ, ಎಂದದ್ದು ಏನರ್ಥದಲ್ಲಿ, ಕಡಲೆ ಎಂದದ್ದು ಯಾರನ್ನು, ಮನೆಗೆ ಹೋಗುವವರೆಗೂ ಅದನ್ನೇ ಜಗಿದ, ಜಗಿದಷ್ಟೂ ಕಲ್ಲು, ಮತ್ತೆ ಆ ಹೆಸರು — ಲಿಫ್ಟಿನವನು ಅವಳ ಹೆಸರು ಹಿಡಿದು ಕರೆಯುತ್ತಾನೆ, ಕ್ಲಾಸಿನ ಪದ್ಧತಿ, ಎಲ್ಲರೂ ಎಲ್ಲರನ್ನೂ ಹಾಗೇ ಕರೆಯಬೇಕು, ಮನೆಯಲ್ಲಿ ಅವನು ಕೇಳಿಸ್ತಾ ಎನ್ನುತ್ತಾನೆ, ಇಲ್ನೋಡು ಎನ್ನುತ್ತಾನೆ, ಮದುವೆಯಾದ ಹೊಸದರಲ್ಲಿ ಕರೆದಿದ್ದನೇನೋ, ಆಮೇಲೆ ಆ ಹೆಸರು ಪಡಿತರದ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು, ಈಗ ಈ ಕೋರೆಹಲ್ಲಿನ ಬಾಯಿಂದ ವಾರಕ್ಕೆ ಎರಡು ಸಂಜೆ ಹೊರಗೆ ಬರುತ್ತಿದೆ, ಹೊಸ ಪಾತ್ರೆಯಂತೆ ಠಣ್ಣೆನ್ನುತ್ತದೆ, ಅದಕ್ಕೆ ಸರಿಯಾಗಿ ಇಂಗ್ಲಿಷಿನಲ್ಲಿ ನೀನು ನೀವು ಎರಡೂ ಒಂದೇ ಅಂತೆ, ಪರ ಗಂಡಸು ಹೇಳಿದರೂ ಯು, ಕಟ್ಟಿಕೊಂಡವನು ಹೇಳಿದರೂ ಯು, ಎಂಥ ಬೇಲಿಯಿಲ್ಲದ ಭಾಷೆ.

ಮತ್ತೆ ಆ ಹಲ್ಲು, ಅದನ್ನು ಹೇಗೆ ಸಹಿಸುವುದು, ಲಿಫ್ಟಿನವನು ಏನೋ ಪಿಸುಗುಟ್ಟಿದ, ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು, ಕೈ ಅಡ್ಡ ಬರಲಿಲ್ಲ, ಪಕ್ಕದಿಂದ ಅರ್ಧ ಮುಖ ಕಾಣುತ್ತದೆ, ಮೇಲಿನ ಸಾಲಿನ ಮುಂಹಲ್ಲು ಟ್ಯೂಬ್‌ಲೈಟಿಗೆ ಮಿಂಚಿತು, ಅದು ಅವಳ ಹಲ್ಲಲ್ಲ, ಅವನು ಮಾಡಿದ್ದು, ಅವನ ಕೈಯಾರೆ, ಈ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ಅವಳಿಗೂ ಮರೆತೇ ಹೋಗಿರಬಹುದು, ಮದುವೆಯಾದ ಮೊದಲ ವರ್ಷ, ಒಂದೇ ಕೋಣೆಯ ಮನೆ, ಕಿಟಕಿಯ ಕಟ್ಟೆಯ ಮೇಲೆ ಅವನು ಕೆಲಸಕ್ಕೆಂದು ತಂದಿಟ್ಟ ಮೇಣದ ಹಲ್ಲಿನ ಸೆಟ್ಟು, ಯಾವನೋ ಶ್ರೀಮಂತ ಮುದುಕನದು, ಸುಮ್ಮನೆ ತಮಾಷೆಗೆ ಅದನ್ನು ತನ್ನ ಹಲ್ಲಿನ ಮೇಲೆ ಸಿಕ್ಕಿಸಿಕೊಂಡು, ಏನಮ್ಮಾ ಸೊಸೆ, ನೀರಿಗೆ ಉಪ್ಪು ಸಾಲದು, ಎಂದು ಮುದುಕನ ದನಿ ತೆಗೆದಿದ್ದ, ಅವಳು ನೀರು ಕುಡಿಯುತ್ತಿದ್ದವಳು ನಕ್ಕ ನಗೆಗೆ ಲೋಟ ಟಣ್ಣನೆ ಬಡಿದು ಹಲ್ಲಿನ ಮೂಲೆ ಹಾರಿಹೋಯಿತು, ನಗುತ್ತಲೇ ಅತ್ತಳು, ಅಳುತ್ತಲೇ ನಕ್ಕಳು, ಆಮೇಲೆ ಅವನು ಪ್ಲಾಸ್ಟರಿನಲ್ಲಿ ಅವಳ ಬಾಯಿಯ ಅಚ್ಚು ತೆಗೆದು, ಬಿಳಿಯಲ್ಲಿ ಎಷ್ಟು ಹಳದಿ, ಹಳದಿಯಲ್ಲಿ ಎಷ್ಟು ಬೂದು ಎಂದು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ಹೊಂದಿಸಿ ಆ ಹಲ್ಲು ಮಾಡಿದ, ಆಮೇಲೆ ನೋಡಿದ ಹಲ್ಲಿನ ವೈದ್ಯರೇ ಯಾವುದು ಕಟ್ಟಿದ್ದು ಎಂದು ಕೇಳಿದರು, ಅವನ ಜೀವನದ ಅತ್ಯುತ್ತಮ ಕೆಲಸ ಅದು, ಕೂರಿಸಿದ ದಿನ ಹೇಳಿದ, ನೋಡು, ಗಟ್ಟಿ ಪದಾರ್ಥ ಕಚ್ಚಬೇಡ, ಬಾಯಿ ಬಿಟ್ಟು ಹಾಗೆಲ್ಲ ನಗಬೇಡ, ಹುಷಾರು, ಅವಳು ಹೂಂ ಎಂದಳು, ಆವತ್ತಿನಿಂದ ನಗು ಬಂದಾಗೆಲ್ಲ ಕೈ ಬಾಯಿಗೆ ಹೋಯಿತು, ಅವನೂ ಮತ್ತೆ ಮುದುಕನ ದನಿ ತೆಗೆಯಲಿಲ್ಲ, ಯಾಕೆ ತೆಗೆಯಲಿಲ್ಲ, ಕೆಲಸ ಇತ್ತು, ಬಾಯಿಗಳು ಬರುತ್ತಲೇ ಇದ್ದವು, ಮನುಷ್ಯರಿಲ್ಲದ ಬಾಯಿಗಳು, ಪ್ಲಾಸ್ಟರಿನ ದವಡೆಗಳು, ಕಚ್ಚುವುದು ಹೇಗೆ, ಸವೆಯುವುದು ಎಲ್ಲಿ, ಎಲ್ಲ ಅವನಿಗೆ ಗೊತ್ತು, ಆ ಬಾಯಿಗಳು ಹೊರಗೆ ಹೋಗಿ ಏನು ಮಾತಾಡುತ್ತವೆ ಎಂಬುದು ಮಾತ್ರ ಅವನ ಕೆಲಸದ ಬಾಬತ್ತಲ್ಲ, ಈಗ ತಾನು ಮಾಡಿದ ಹಲ್ಲು ಬೇರೊಬ್ಬನ ಮಾತಿಗೆ ಮಿಂಚುತ್ತಿದೆ, ಉತ್ತವನು ಒಬ್ಬ, ಉಂಡವನು ಇನ್ನೊಬ್ಬ.

ಇದೆಲ್ಲ ನುಂಗಿಕೊಂಡಿದ್ದ, ಹೊಟ್ಟೆಕಿಚ್ಚೆಂದರೆ ಅದಕ್ಕೆ ಹೆಸರು ಕೊಡದಿದ್ದರೆ ತಾನಾಗಿಯೇ ಆರುತ್ತದೆ ಎಂದುಕೊಂಡಿದ್ದ, ಹೋದ ವಾರ ಲಿಫ್ಟಿನವನು ಎದ್ದು ನಿಲ್ಲುವವರೆಗೂ, ಎದ್ದು ನಿಂತ, ಪ್ಯಾಂಟು ಮೇಲಕ್ಕೆಳೆದುಕೊಂಡ, ನಿನ್ನೆ ಅವರು ಏನು ಮಾಡಿದರು ಹೇಳಪ್ಪ ಎಂದರು ಮೇಡಂ, ಲಿಫ್ಟಿನವನು ಅವಳ ಮುಖ ನೋಡಿದ, ಹೇಳಲಾ ಎಂಬಂತೆ, ಅವಳು ಹೇಳಿ ಎಂಬಂತೆ ತಲೆಯಾಡಿಸಿದಳು, ಆ ತಲೆಯಾಡಿಸಿದ್ದನ್ನು ಅವನು ಹಿಂದಿನ ಬೆಂಚಿನಿಂದ ಕಣ್ಣಾರೆ ಕಂಡ, ಶಿ ವೆಂಟ್ ಟು ಸ್ಟೇಷನ್, ಶಿ ಸ್ಯಾಟ್, ಶಿ ಸಾ ಟ್ರೇನ್, ಮೆನಿ ಮೆನಿ ಟ್ರೇನ್, ಶಿ ಈಸ್ ಹ್ಯಾಪಿ, ಅಲ್ಲಲ್ಲ ವಾಸ್, ವಾಸ್ ಹ್ಯಾಪಿ, ಶಿ ಕೇಮ್ ಹೋಮ್, ಅಷ್ಟು ಹೇಳಿ ಕೂತ, ವೆರಿ ಗುಡ್, ಎಷ್ಟು ಚೆನ್ನಾಗಿದೆ ನೋಡಿ, ಪುಸ್ತಕದಲ್ಲಿ ಎಲ್ಲೂ ಇಲ್ಲ ಇದು, ಎಂದರು ಮೇಡಂ, ಎಲ್ಲರೂ ಚಪ್ಪಾಳೆ ತಟ್ಟಿದರು, ತಾತ ಕೂಡ, ಅವನ ಕೈಗಳೂ ಚಪ್ಪಾಳೆ ತಟ್ಟಿದವು, ತಟ್ಟುತ್ತಲೇ ಲೆಕ್ಕ, ನಿನ್ನೆ, ನಿನ್ನೆ ಸಂಜೆ ಅವಳು ತಡವಾಗಿ ಬಂದಿದ್ದಳು, ಯಾಕೆ ಇಷ್ಟು ಹೊತ್ತು ಎಂದರೆ ಅಂಗಡೀಲಿ ಕೆಲಸ ಬಿತ್ತು ರೀ, ಒಂದು ರಾಶಿ ಪ್ಯಾಂಟು, ಎಲ್ಲದರದ್ದೂ ಮಡಿಕೆ ಬಿಚ್ಚಿ ಉದ್ದ ಮಾಡ್ಬೇಕಿತ್ತು, ಎಂದಿದ್ದಳು, ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಅದು ಇದ್ದದ್ದೇ, ಅವನು ಹೌದಾ ಎಂದು ಊಟ ಮುಂದುವರಿಸಿದ್ದ, ಹಾಗಾದರೆ ಯಾವುದು ಸುಳ್ಳು, ಪ್ಯಾಂಟೋ, ರೈಲೋ, ಕ್ಲಾಸಿನಲ್ಲಿ ಹೇಳುವುದೆಲ್ಲ ಅಭ್ಯಾಸಕ್ಕೆ ಹೇಳುವುದು, ನಿಜವೇ ಆಗಬೇಕೆಂದಿಲ್ಲ, ಪುಸ್ತಕದಲ್ಲಿ ನನ್ನ ಬಳಿ ಕೆಂಪು ದೋಣಿ ಇದೆ ಎಂದಿದೆ, ಯಾರ ಬಳಿ ಇದೆ ದೋಣಿ, ಆದರೆ ಆ ತಲೆಯಾಡಿಸಿದ್ದು — ಅಭ್ಯಾಸಕ್ಕೆ ಯಾರೂ ಹಾಗೆ ತಲೆಯಾಡಿಸುವುದಿಲ್ಲ, ಸ್ಟೇಷನ್ನಿನ ಸಿಮೆಂಟು ಬೆಂಚಿನ ಮೇಲೆ ಅವಳು ಕೂತಿದ್ದಳು, ಒಬ್ಬಳೇ, ಒಬ್ಬಳೇ ಎಂದು ಲಿಫ್ಟಿನವನು ಹೇಳಲಿಲ್ಲ, ಎಡಗಾಲಿನ ಬಕಲ್ ಬಿಚ್ಚಿತ್ತು, ಹಿಮ್ಮಡಿ ಹೊರಗಿತ್ತು, ರೈಲು ಬಂದವು, ಹೋದವು, ಅವಳು ಸುಖವಾಗಿದ್ದಳು, ಹೊತ್ತು ಮೀರಿ ಮನೆಗೆ ಬಂದು ಅವನಿಗೆ ಬಡಿಸಿದಳು, ಯಾರೋ ಕಂಡವನಿಗೆ ಮುರುಕು ಇಂಗ್ಲಿಷಿನಲ್ಲಿ ರೈಲು, ಗಂಡನಿಗೆ ಅಚ್ಚ ಕನ್ನಡದಲ್ಲಿ ಪ್ಯಾಂಟು.

ಆವತ್ತು ಮನೆಗೆ ಹೋಗುವ ದಾರಿಯಲ್ಲಿ ಕೇಳಬಹುದಿತ್ತು, ಕೇಳಲಿಲ್ಲ, ಅವನಿಗೆ ಕೇಳಿಸಿದೆ ಎಂದು ಅವಳಿಗೆ ಗೊತ್ತು, ಎಲ್ಲರೆದುರಿಗೆ ಹೇಳಿದ್ದಲ್ಲವೆ, ಕೇಳಲಿ ಎಂದು ಕಾದಳೋ, ಕೇಳದಿದ್ದರೆ ಸಾಕು ಎಂದು ಕಾದಳೋ, ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು, ಅವನು ಅವಳ ಪಾದ ನೋಡಿದ, ಚಪ್ಪಲಿಯೊಳಗೆ ಭದ್ರವಾಗಿತ್ತು, ಒಂದು ಕಾಲದಲ್ಲಿ ಸಿನಿಮಾ ಕತ್ತಲಲ್ಲಿ ಅವನ ಕಾಲು ಅವಳ ಕಾಲನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಖಾಲಿ ಚಪ್ಪಲಿ, ಅವಳು ಎರಡೂ ಕಾಲು ಮೇಲೆತ್ತಿ ಸೀಟಿನಲ್ಲಿ ಮುದುರಿ ಕೂತು ಅವನ ತೋಳಿಗೆ ಒರಗಿ ಸಿನಿಮಾ ನೋಡುತ್ತಿದ್ದಳು, ಕನ್ನಡದಲ್ಲಿ ಕೇಳಿದರೆ ಅದು ಪ್ರಶ್ನೆಯಾಗುವುದಿಲ್ಲ, ಸ್ಟೇಷನ್ನಿಗೆ ಯಾಕೆ ಹೋಗಿದ್ದೆ ಎಂದು ಕನ್ನಡದಲ್ಲಿ ಅವನ ಬಾಯಿಂದ ಬಂದರೆ ಅದು ಪೊಲೀಸನ ಮಾತಾಗುತ್ತದೆ, ಅವನ ಅಪ್ಪನ ಮಾತಾಗುತ್ತದೆ, ಅದಕ್ಕೆ ಇಂಗ್ಲಿಷಿನಲ್ಲಿ ಕೇಳಬೇಕು, ಲಿಫ್ಟಿನವನು ಕೇಳಿದ ಹಾಗೆ, ಹಗುರವಾಗಿ, ಪಾಠದ ಪ್ರಶ್ನೆ ಎಂಬಂತೆ, ಅದಕ್ಕೆ ಪಕ್ಕ ಕೂರಬೇಕು, ವಾರವೆಲ್ಲ ಮೇಣ ಕರಗಿಸುತ್ತ, ಹಲ್ಲು ತೀಡುತ್ತ ತುಟಿಯಲ್ಲೇ ಉರು ಹೊಡೆದ, ವೈ ಡಿಡ್ ಯು ಗೋ ಟು ದ ಸ್ಟೇಷನ್, ವೈ ಡಿಡ್ ಯು ಗೋ, ಏನ್ ಗುರುವೇ, ಹಲ್ಲಿಗೆ ಜೋಗುಳ ಹಾಡ್ತಿದೀಯಾ ಎಂದ ಪಕ್ಕದ ಮೇಜಿನವನು, ಇವತ್ತು ಮಧ್ಯಾಹ್ನ ಕಾರ್ಖಾನೆಯ ಮೆಟ್ಟಿಲ ಕೆಳಗೆ ನಿಂತು ಮೇಡಮ್ಮಿಗೆ ಫೋನು ಮಾಡಿದ, ಹೇಳಬೇಕೆಂದಿದ್ದದ್ದು ಬೇರೆ, ನಾವಿಬ್ಬರೂ ಒಂದು ಸಲ ಜೊತೆಗೆ ಕೂರಬಹುದಾ ಎಂದು, ಅಷ್ಟೇ, ಬಾಯಿಂದ ಬಂದದ್ದು ಇದು, ಮೇಡಂ, ನನ್ನ ಹೆಂಡತಿಗೆ ಗಂಡಸರ ಪಕ್ಕ ಕೂತು ಮಾತಾಡೋಕೆ ಸಂಕೋಚವಂತೆ, ಅವಳೇ ಹೇಳಿದ್ಲು, ನಿಮ್ಮತ್ರ ಹೇಳೋಕೆ ನಾಚಿಕೆ ಪಡ್ತಾಳೆ, ಹೌದೇನಪ್ಪ, ನೋಡಿದ್ರೆ ಹಾಗನ್ನಿಸಲ್ವಲ್ಲ, ಆಯ್ತಪ್ಪ ನೋಡೋಣ, ಎಂದರು ಮೇಡಂ, ಫೋನು ಇಟ್ಟು ಮೆಟ್ಟಿಲು ಹತ್ತಿದ, ಏನು ಮಹಾ, ಯಾರಿಗೂ ಗೊತ್ತಾಗದ ಹಾಗೆ ಜೋಡಿ ಬದಲಿಸುತ್ತಾರೆ, ಅಷ್ಟೇ, ಬೆಕ್ಕು ಕಣ್ಣು ಮುಚ್ಚಿಕೊಂಡಿದ್ದರೆ ಆಯಿತು.

ಮೇಡಂ ಬರೆದು ಮುಗಿಸಿದರು, ಕೈಯ ಸುಣ್ಣದ ಪುಡಿ ಕೊಡವಿದರು, ತಿರುಗಿದರು, ಇವತ್ತು ಒಂದು ಸಣ್ಣ ಬದಲಾವಣೆ, ಎಂದು ನೇರವಾಗಿ ಅವಳ ಬಳಿ ಬಂದು ಭುಜದ ಮೇಲೆ ಕೈಯಿಟ್ಟರು, ಅಲ್ಲಮ್ಮಾ, ಸಂಕೋಚ ಆಗೋದಾದ್ರೆ ನಂಗೇ ಹೇಳೋದಲ್ವಾ, ಇದಕ್ಕೆಲ್ಲ ಮನೆಯವರ ಕೈಲಿ ಫೋನ್ ಮಾಡಿಸ್ಬೇಕಾ, ಹೀಗೆ ಎಲ್ಲರಿಗೂ ಕೇಳುವಂತೆ, ಪ್ರೀತಿಯಿಂದಲೇ, ಮೇಲೆ ಕಾಗದದ ಮೀನುಗಳು ನಿಂತುಹೋದವು, ಇಲ್ಲ ಆಡುತ್ತಿದ್ದವು, ಅವನಿಗೆ ಕಾಣಲಿಲ್ಲ, ಲಿಫ್ಟಿನವನು ಜೋರಾಗಿ ನಕ್ಕ, ಸಂಕೋಚಾನಾ, ಇವರಿಗಾ, ಮೇಡಂ, ನಂಗೇ ಮಾತಾಡೋಕೆ ಬಿಡಲ್ಲ ಇವರು, ಅವಳು ತಿರುಗಿದಳು, ಹಿಂದಿನ ಬೆಂಚಿನತ್ತ, ಅವನತ್ತ, ಬಹಳ ಹೊತ್ತೇನೂ ನೋಡಲಿಲ್ಲ, ಕೋಪವಿಲ್ಲ ಆ ನೋಟದಲ್ಲಿ, ಕೋಪವಿದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು, ಬಟ್ಟೆಯ ಅಳತೆ ನೋಡಿ ಇಷ್ಟೇ ಇರೋದು, ಇಷ್ಟರಲ್ಲೇ ಆಗ್ಬೇಕು ಎನ್ನುವಾಗ ನೋಡುತ್ತಾಳಲ್ಲ, ಹಾಗೆ, ಆಮೇಲೆ ಮೇಡಂ ಕಡೆ ತಿರುಗಿ, ಹೌದು ಮೇಡಂ, ಎಂದಳು, ಸ್ವಲ್ಪ ಸಂಕೋಚ, ಇವರ ಹತ್ರ ಹೇಳಿದ್ದೆ, ಮುಚ್ಚಿದಳು, ಅವನ ಸುಳ್ಳಿಗೆ ತನ್ನ ಸೆರಗು ಮುಚ್ಚಿದಳು ಎಲ್ಲರೆದುರಿಗೆ, ಲಿಫ್ಟಿನವನ ನಗು ಅರ್ಧಕ್ಕೇ ನಿಂತಿತು, ಅಯ್ಯೋ, ಹಾಗಾ, ನಂಗೆ ಗೊತ್ತಾಗ್ಲಿಲ್ಲ ತಾಯಿ, ನಾನೊಬ್ಬ ಬಾಯಿಬಡುಕ, ತಪ್ಪು ತಿಳೀಬೇಡಿ, ಎಂದ, ಸರಿ, ಇವತ್ತೊಂದಿನ ಗಂಡ ಹೆಂಡತಿ ಜೊತೆಗೇ ಕೂತ್ಕೊಳ್ಳಿ, ಎಂದರು ಮೇಡಂ, ಲಿಫ್ಟಿನವನು ಚೀಲ ಎತ್ತಿಕೊಂಡು ತಾತನ ಪಕ್ಕಕ್ಕೆ ಬಂದ, ದಾಟುವಾಗ ಅವನ ಮುಖ ನೋಡಲಿಲ್ಲ, ಮೇಸ್ತ್ರಿ ಎನ್ನಲೂ ಇಲ್ಲ, ಅವನು ಎದ್ದ, ಅವಳ ಪಕ್ಕಕ್ಕೆ ಹೋದ, ಕೂತ, ಬೆಂಚು ಇನ್ನೂ ಬೆಚ್ಚಗಿತ್ತು, ಇನ್ನೊಬ್ಬನ ಕಾವು.

ಅವಳು ಬಗ್ಗಿದಳು, ಹಿಮ್ಮಡಿ ಕೆಳಗಿಳಿಯಿತು, ಪಾದ ಮುಂದೆ ಸರಿದು ಚಪ್ಪಲಿ ತುಂಬಿಕೊಂಡಿತು, ಪಟ್ಟಿಯನ್ನು ಎಳೆದಳು, ದಿನಾ ಹಾಕುವ ತೂತಿಗಲ್ಲ, ಅದರಾಚೆಯ ತೂತಿಗೆ, ಬಕಲ್ಲಿನ ಕಡ್ಡಿ ಕಟ್ ಎಂದು ಕೂತಿತು, ಎದ್ದು ನೆಟ್ಟಗೆ ಕೂತಳು, ಕೇಳಿ ಎಂದಳು, ಕೇಳಿ ಎಂದದ್ದು ಕನ್ನಡದಲ್ಲಿ, ಅವನು ಕೇಳಿದ, ವಾಟ್ ಡಿಡ್ ಯು ಡೂ ಯೆಸ್ಟರ್ಡೇ, ಐ ಗಾಟ್ ಅಪ್ ಅಟ್ ಸಿಕ್ಸ್, ಎಂದಳು, ಐ ಕುಕ್ಡ್, ಐ ವೆಂಟ್ ಟು ವರ್ಕ್, ಐ ಕೇಮ್ ಹೋಮ್, ಒಂದೊಂದೂ ಉಜ್ಜಿ ಹೊಳಪು ಕೊಟ್ಟ ವಾಕ್ಯ, ಇದು ಯಾರ ಇಂಗ್ಲಿಷು, ಇದು ಅವನದೇ, ಅವನು ತಾತನಿಗೆ ಹೇಳುವಂಥದೇ, ಈಗ, ಈಗ ಕೇಳಬೇಕು, ವಾರವೆಲ್ಲ ಉರು ಹೊಡೆದದ್ದು ನಾಲಗೆಯ ತುದಿಯಲ್ಲಿದೆ, ವೈ ಡಿಡ್ ಯು — ಅವಳು ಕಾಯುತ್ತಿದ್ದಾಳೆ, ಕಣ್ಣು ಅವನ ಬಾಯಿಯ ಮೇಲೆ, ಗೊತ್ತು ಅವಳಿಗೆ ಏನು ಬರುತ್ತದೆ ಎಂದು, ಎಷ್ಟು ದಿನದಿಂದ ಗೊತ್ತೋ, ವೈ ಡಿಡ್ ಯು, ಗೋ ಎನ್ನು, ಗೋ ಎಂದರೆ ಅವಳು ಹೇಳಿಬಿಡುತ್ತಾಳೆ, ಹೇಳಿಬಿಟ್ಟರೆ ಕೇಳಿಸಿಕೊಳ್ಳಬೇಕಾಗುತ್ತದೆ, ವೈ ಡಿಡ್ ಯು ಕಮ್ ಹೋಮ್, ಎಂದ, ಅವಳ ಕಣ್ಣು ಒಂದು ಕ್ಷಣ ಅವನ ಬಾಯಿಯ ಮೇಲೆ ಹಾಗೇ ನಿಂತು, ಆಮೇಲೆ ಪುಸ್ತಕಕ್ಕೆ ಇಳಿಯಿತು, ಬಿಕಾಸ್ ಇಟ್ ವಾಸ್ ಲೇಟ್, ಎಂದಳು, ಹೊತ್ತಾಗಿತ್ತು, ಅದಕ್ಕೆ, ವೆರಿ ಗುಡ್ ಎಂದರು ಹಾದುಹೋಗುತ್ತಿದ್ದ ಮೇಡಂ, ನೋಡಿ, ಒಂದೂ ತಪ್ಪಿಲ್ಲ, ಹಿಂದಿನ ಬೆಂಚಿನಲ್ಲಿ ತಾತ ಏನೋ ಹೇಳುತ್ತಿದ್ದಾನೆ, ಐ ಆಮ್ ಫೈನ್ ಅಲ್ಲ, ಬೇರೆ ಏನೋ, ತಡವರಿಸಿಕೊಂಡು, ಉದ್ದಕ್ಕೆ, ಲಿಫ್ಟಿನವನು ಆಮೇಲೆ, ಆಮೇಲೆ, ಎನ್ನುತ್ತಿದ್ದಾನೆ, ಅವಳಿಗೂ ಕೇಳುತ್ತಿದೆ, ಅವಳು ತಿರುಗುವುದಿಲ್ಲ, ಈಗ ನೀವು ಹೇಳಿ, ನಿನ್ನೆ ನೀವೇನು ಮಾಡಿದಿರಿ, ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಾಳೆ, ನಿನ್ನೆ, ನಿನ್ನೆ ನಾನು ಆರಕ್ಕೆ, ನಿನ್ನೆ — ಮೇಜಿನ ಕೆಳಗೆ ಮುಚ್ಚುಮರೆಯಿಲ್ಲ, ಎಡಗಾಲು, ಆಚೆಯ ತೂತಿಗೆ ಎಳೆದ ಪಟ್ಟಿ, ಪಟ್ಟಿಯೊಳಗೆ ಅಲುಗದ ಹಿಮ್ಮಡಿ, ಕೆಂಪು ಗೆರೆ ಈಗ ಕಾಣುವುದಿಲ್ಲ, ಗೆರೆಯ ಮೇಲೇ ಪಟ್ಟಿ, ಪಟ್ಟಿಯೊಳಗೆ ಹಿಮ್ಮಡಿ, ಹಿಮ್ಮಡಿ